ಮೆಂಬರ್ ಎಮ್ಮೆಲ್ಲೆ ಆಗೋ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೇಲಿ 'ನಿಮ್ಮೂರಿನ ಮೆಂಬರ್ರು, ಚೇರ್ಮನ್ರು, ಎಮ್ಮೆಲ್ಲೆಗಳ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ' ಅಂತ ಒಂದು ಸಣ್ಣ ಬಾಕ್ಸ್ ಹಾಕಿದ್ವಿ, ಅಷ್ಟೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಿಂದ ಕಾಗದ, ವಾಟ್ಸಪ್ಪು, ವಾಯ್ಸ್ ಮೆಸೇಜು ಎಲ್ಲಾ ಬಂದು ಬಿದ್ದಿವೆ. ಅದ್ರಲ್ಲಿ ಎಷ್ಟೋ ಬರೀ ಬೈಗುಳ, ಅವನ್ನ ಪಕ್ಕಕ್ಕಿಟ್ಟಿದೀವಿ. ಹೆಸರು ಹಾಕಬ್ಯಾಡ್ರಿ ಅಂದವರೇ ಜಾಸ್ತಿ, ಹಂಗಾಗಿ ಯಾರದ್ದೂ ಹಾಕಿಲ್ಲ, ಊರು ಮಾತ್ರ.

ನಮ್ಮ ವಾರ್ಡ್ ಮೆಂಬರ್ ಎರಡು ಸಲ ಗೆದ್ದಾನೆ. ಲೈಟು, ಚರಂಡಿ, ನೀರು, ಏನೇ ಇರ್ಲಿ ಫೋನ್ ಮಾಡಿದ್ರೆ ಬರ್ತಾನೆ. ಈ ಸಲ ಗಣಪತಿ ಫ್ಲೆಕ್ಸಲ್ಲಿ 'ಭಾವಿ ಶಾಸಕರು' ಅಂತ ಹಾಕ್ಕೊಂಡಾನೆ. ಆಗ್ತಾನಾ?
*ದಾವಣಗೆರೆಯಿಂದ ಒಬ್ಬ ಓದುಗರು*

ಫ್ಲೆಕ್ಸಲ್ಲಿ ಆಗೋದಕ್ಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ, ಪ್ರಿಂಟಿಂಗ್ ಅಂಗಡಿಯವನಿಗೆ ದುಡ್ಡು ಕೊಟ್ರೆ ಸಾಕು. ನಿಜವಾಗ್ಲೂ ಆಗೋದು ಬೇರೆ ಲೆಕ್ಕ.

ಪಾಲಿಕೆಯಲ್ಲಿ 45 ವಾರ್ಡ್ ಇದಾವೆ. ಒಂದು ವಾರ್ಡಲ್ಲಿ ಗೆಲ್ಲೋಕೆ ಕೆಲವು ಸಾವಿರ ಓಟಿನ ಆಟ, ಮನೆಮನೆ ಗೊತ್ತಿರ್ಬೇಕು, ಮದುವೆಗೆ ಹೋಗ್ಬೇಕು, ಮಣ್ಣಿಗೆ ಹೋಗ್ಬೇಕು. ಎಮ್ಮೆಲ್ಲೆ ಕ್ಷೇತ್ರ ಅಂದ್ರೆ ಎರಡು ಲಕ್ಷದ ಆಸುಪಾಸು ಮತದಾರರು, ಅಷ್ಟು ಮನೆಯ ಮದುವೆಗೆ ಹೋಗೋಕೆ ಯಾವ ಮನುಷ್ಯನಿಗೂ ಆಗಲ್ಲ. ಅಲ್ಲಿ ನಿಮ್ಮ ಮೆಂಬರ್‌ಗೆ ವಾರ್ಡಿನಾಚೆ ಒಂದು ಸ್ವಂತ ನೆಲೆ ಬೇಕು. ಅದು ಕಾರ್ಮಿಕ ಸಂಘ ಇರಬಹುದು, ಶಾಲೆ ಕಾಲೇಜು ಇರಬಹುದು, ಸಮಾಜ ಇರಬಹುದು, ಬರೀ ದುಡ್ಡೂ ಇರಬಹುದು. ಅದಿಲ್ಲದೆ ಬಿ ಫಾರಂ, ಅಂದ್ರೆ ಪಕ್ಷದ ಅಧಿಕೃತ ಟಿಕೆಟ್, ಸಿಗಲ್ಲ, ಸಿಕ್ಕರೂ ದಡ ಮುಟ್ಟಲ್ಲ.

ತೀರಾ ಹತ್ತಿರದ ಉದಾಹರಣೆ ಬೇಕಾ? ಬಿ.ಜಿ. ಅಜಯಕುಮಾರ್ ಅವರು 2020ರಲ್ಲಿ ದಾವಣಗೆರೆ ಮೇಯರ್ ಆದ್ರು. ಆ ಪಾಲಿಕೆ ಎಲೆಕ್ಷನ್‌ನಲ್ಲಿ ಕಾಂಗ್ರೆಸ್ 22 ಗೆದ್ದಿತ್ತು, ಬಿಜೆಪಿ 17, ಆದ್ರೂ ಮೇಯರ್ ಬಿಜೆಪಿಯವರು, ಯಾಕಂದ್ರೆ ಮೇಯರ್ ಎಲೆಕ್ಷನ್‌ನಲ್ಲಿ ಎಂಪಿ, ಎಮ್ಮೆಲ್ಲೆ, ಎಮ್ಮೆಲ್ಸಿಗಳ ಓಟೂ ಲೆಕ್ಕಕ್ಕೆ ಬರುತ್ತೆ, ಪಕ್ಷೇತರರೂ ಇರ್ತಾರೆ. ಅದೇ ಅಜಯಕುಮಾರ್ 2023ರಲ್ಲಿ ದಾವಣಗೆರೆ ದಕ್ಷಿಣದಿಂದ ವಿಧಾನಸಭೆಗೆ ನಿಂತ್ರು. ಎದುರಿಗೆ ಶಾಮನೂರು ಶಿವಶಂಕರಪ್ಪ. ಸೋಲಿನ ಅಂತರ 27 ಸಾವಿರದ ಮೇಲೆ. ಮೇಯರ್ ಗೌನು ಹಾಕ್ಕೊಂಡು ಊರೆಲ್ಲಾ ಓಡಾಡಿದ್ದೇ ಓಟಾಗಿ ಬರಲ್ಲ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬ್ಯಾಡ.

ಇನ್ನು ಆ ಶಾಮನೂರರದ್ದೇ ದಾರಿ ನೋಡಿ. ಅವರೂ ನಗರಸಭೆಯಿಂದಲೇ ಬಂದವರು, ಅಧ್ಯಕ್ಷರಾಗಿದ್ದವರು. ಆದ್ರೆ ವಿಧಾನಸಭೆಗೆ ಮೊದಲ ಸಲ ಗೆದ್ದಿದ್ದು 1994ರಲ್ಲಿ. ಹುಟ್ಟಿದ್ದು 1931, ಲೆಕ್ಕ ಹಾಕಿದ್ರೆ 63 ವರ್ಷ, ಸರ್ಕಾರಿ ನೌಕರ ರಿಟೈರ್ ಆಗಿ ಮೊಮ್ಮಕ್ಕಳನ್ನ ಆಡಿಸೋ ವಯಸ್ಸು. ನಗರಸಭೆಗೂ ವಿಧಾನಸಭೆಗೂ ಮಧ್ಯ ಇದ್ದ ಅಷ್ಟೂ ವರ್ಷ ಅವರು ಕಟ್ಟಿದ್ದು ಬಾಪೂಜಿ ವಿದ್ಯಾಸಂಸ್ಥೆ, ಆಸ್ಪತ್ರೆ, ವ್ಯಾಪಾರ, ಕಾರ್ಖಾನೆ. ಸೀಟು ಕೇಳೋಕೆ ಬಂದ ಅಪ್ಪ, ಆಸ್ಪತ್ರೆ ಬಿಲ್ಲು ಕಡಿಮೆ ಮಾಡ್ಸೋಕೆ ಬಂದ ರೈತ, ಕೆಲಸ ಕೇಳೋಕೆ ಬಂದ ಹುಡುಗ, ಇವರೆಲ್ಲಾ ಯಾವ ವಾರ್ಡಿನವರು ಅಂತ ಯಾರು ನೋಡ್ತಾರೆ. 1994ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 224ಕ್ಕೆ 34 ಸೀಟಿಗೆ ಕುಸಿದಿತ್ತು, ಅಂಥಾ ಟೈಮಲ್ಲಿ ಅದೇ ಪಕ್ಷದಿಂದ ಗೆದ್ದು ಬಂದ್ರು ಅಂದ್ರೆ ಅದು ಪಕ್ಷದ ಓಟು ಅಲ್ಲ. 1998ರಲ್ಲಿ ಲೋಕಸಭೆಗೆ ಹೋದ್ರು, ಖಾಲಿ ಆದ ಜಾಗಕ್ಕೆ ಮಗ ಮಲ್ಲಿಕಾರ್ಜುನ್ ಬಂದ್ರು, 1999ರಲ್ಲಿ ಲೋಕಸಭೆ ಸೋತ್ರು, 2004ರಲ್ಲಿ ವಾಪಸ್ ವಿಧಾನಸಭೆಗೆ. 2023ರಲ್ಲಿ ಗೆದ್ದಾಗ ವಯಸ್ಸು 92ರ ಹತ್ರ. ಒಂದೇ ಮನೆಗೆ ಇಷ್ಟೊಂದು ಅಧಿಕಾರ ಊರಿಗೆ ಒಳ್ಳೇದಾ ಅಂದ್ರೆ, ನನ್ನ ಕೇಳಿದ್ರೆ ಅಲ್ಲ. ಆದ್ರೆ ನೆಲೆ ಅಂದ್ರೆ ಏನು ಅಂತ ನಿಮ್ಮ ಮೆಂಬರ್ ಕಲೀಬೇಕು ಅಂದ್ರೆ ಅಲ್ಲೇ ಕಲೀಬೇಕು.

ದುಡ್ಡಿಲ್ಲದೆ ನೆಲೆ ಕಟ್ಟಿದವರೂ ಇದೇ ಊರಲ್ಲಿದ್ರು. ಕಾಮ್ರೇಡ್ ಪಂಪಾಪತಿ, ಸಿಪಿಐ, 1978, 1983, 1985, ಮೂರು ಸಲ ಸತತ. ಆ ಮೂರು ಚುನಾವಣೇಲಿ ರಾಜ್ಯದ ಗಾಳಿ ಒಮ್ಮೆ ಇಂದಿರಾ ಕಾಂಗ್ರೆಸ್ ಕಡೆ, ಆಮೇಲೆ ಜನತಾ ಕಡೆ ಬೀಸಿದ್ರೂ ದಾವಣಗೆರೆ ಮಾತ್ರ ಕುಡುಗೋಲು ತೆನೆ ಹಿಡ್ಕೊಂಡು ಕೂತಿತ್ತು. ಆಗ ಊರು ತುಂಬಾ ಹತ್ತಿ ಗಿರಣಿಗಳು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು, ಶಿಫ್ಟ್ ಬಿಟ್ಟಾಗ ಗೇಟಿನ ಮುಂದೆ ನಿಂತ್ರೆ ಒಂದು ಸಭೆಗೆ ಆಗೋಷ್ಟು ಜನ ತಾನಾಗೇ ಸೇರ್ತಿದ್ರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕ್ತಾ ಬಂದ ಹಾಗೆ ಆ ಗುಂಪೂ ಕರಗಿತು, 1989ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿಗೆ ಹೋಯ್ತು, ಮತ್ತೆ ಕೆಂಬಾವುಟಕ್ಕೆ ಬರಲೇ ಇಲ್ಲ.

ಹಂಗಾಗಿ ನಿಮ್ಮ ಮೆಂಬರ್‌ನ ಕರೆದು ಕೇಳಿ: ನಿನ್ನ ವಾರ್ಡಿನ ಆಚೆ, ಮಂಡಿಪೇಟೆ ದಾಟಿದ ಮೇಲೆ, ನಿನ್ನ ಹೆಸರು ಹೇಳಿದ್ರೆ ಟೀ ಕುಡಿಸೋರು ಎಷ್ಟು ಜನ ಇದಾರಪ್ಪ ಅಂತ.

ಎಮ್ಮೆಲ್ಲೆಗೆ ನಿಲ್ಲೋಕೆ ಎಷ್ಟು ಓದಿರ್ಬೇಕು, ಎಷ್ಟು ವಯಸ್ಸು, ಡಿಪಾಸಿಟ್ ಎಷ್ಟು?
*ಹೊಳಲ್ಕೆರೆಯಿಂದ*

ಓದಿನ ಲೆಕ್ಕ ಇಲ್ಲ. ವಯಸ್ಸು 25 ಆಗಿರ್ಬೇಕು, ವಿಧಾನ ಪರಿಷತ್ತಿಗಾದ್ರೆ 30, ಪಂಚಾಯ್ತಿ ನಗರಸಭೆಗೆ 21. ರಾಜ್ಯದ ಯಾವುದಾದ್ರೂ ಕ್ಷೇತ್ರದ ಓಟರ್ ಲಿಸ್ಟಲ್ಲಿ ಹೆಸರಿದ್ರೆ ಸಾಕು, ನಿಲ್ಲೋ ಕ್ಷೇತ್ರದವರೇ ಆಗ್ಬೇಕು ಅಂತಿಲ್ಲ. ಡಿಪಾಸಿಟ್ 10 ಸಾವಿರ, ಎಸ್ಸಿ ಎಸ್ಟಿಯವರಿಗೆ 5 ಸಾವಿರ. ಚಲಾವಣೆಯಾದ ಓಟಲ್ಲಿ ಆರನೇ ಒಂದು ಭಾಗ ಬರದಿದ್ರೆ ಹೋಯ್ತು. ಮಾನ್ಯತೆ ಪಡೆದ ಪಕ್ಷದ ಬಿ ಫಾರಂ ಇದ್ರೆ ಒಬ್ಬ ಸೂಚಕ (ನಾಮಪತ್ರಕ್ಕೆ ಸೈನ್ ಹಾಕೋ ಆ ಕ್ಷೇತ್ರದ ಮತದಾರ) ಸಾಕು, ಪಕ್ಷೇತರ ಆದ್ರೆ 10 ಜನ ಬೇಕು. ಖರ್ಚಿನ ಮಿತಿ 40 ಲಕ್ಷ. ನಗಬ್ಯಾಡ್ರಿ, ಕಾಗದದ ಮೇಲೆ ಅಷ್ಟೇ.

ನಮ್ಮ ದೇವೇಂದ್ರಪ್ಪ ಗೆದ್ದಿದ್ದು ಅದೃಷ್ಟ ಅಂತ ಒಂದಷ್ಟು ಜನ, ಅನುಕಂಪ ಅಂತ ಒಂದಷ್ಟು ಜನ. ನಾನು ಮೇಷ್ಟ್ರು, ಸ್ಟಾಫ್ ರೂಮಲ್ಲಿ ದಿನಾ ಇದೇ ಚರ್ಚೆ. ನೀವೇನಂತೀರಿ?
*ಜಗಳೂರಿನಿಂದ ಒಬ್ಬ ಮೇಷ್ಟ್ರು*

ಎರಡೂ ಅಲ್ಲ, ಎರಡೂ ಸ್ವಲ್ಪ ಸ್ವಲ್ಪ ಹೌದು ಅನ್ನೋದು ಜಾರಿಕೊಳ್ಳೋ ಉತ್ತರ ಆಗುತ್ತೆ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಬಿ. ದೇವೇಂದ್ರಪ್ಪ ಜಗಳೂರಿನ ಶಾಲೆಯಲ್ಲಿ ಅಟೆಂಡರ್ ಆಗಿದ್ದವರು, ಗಂಟೆ ಹೊಡೆಯೋದು, ಕಸ ಗುಡಿಸೋದು ಅವರ ಕೆಲಸ ಆಗಿತ್ತು. 2023ರಲ್ಲಿ ಎಮ್ಮೆಲ್ಲೆ ಆದ ಮೇಲೆ ಅದೇ ಶಾಲೆಗೆ ಹೋಗಿ ಪೊರಕೆ ಹಿಡಿದಿದ್ದು ಟಿವಿಯಲ್ಲೆಲ್ಲಾ ಬಂತು, ದೇಶದ ಪೇಪರ್‌ಗಳೂ 'ಪ್ಯೂನ್ ಎಮ್ಮೆಲ್ಲೆ ಆದ' ಅಂತ ಬರೆದ್ವು. ಕಥೆ ಚೆನ್ನಾಗಿದೆ, ನಿಜವೂ ಹೌದು. ಆದ್ರೆ ಆ ಪೇಪರ್‌ನವರು ಮಧ್ಯದ ಒಂದು ತುಂಡು ಬಿಟ್ಟುಬಿಟ್ರು. ಅವರು ಪೊರಕೆ ಇಟ್ಟು ಸೀದಾ ವಿಧಾನಸೌಧಕ್ಕೆ ಹೋದವರಲ್ಲ. 2018ರಲ್ಲೇ ಜೆಡಿಎಸ್‌ನಿಂದ ನಿಂತು ಸೋತಿದ್ರು. ಸೋತವನು ಐದು ವರ್ಷ ಮನೇಲಿ ಕೂತ್ರೆ ಮುಗೀತು, ತಾಲ್ಲೂಕು ಸುತ್ತಿದ್ರೆ ಮಾತ್ರ ಎರಡನೇ ಸಲ ಜನ ಬಾಗಿಲು ತೆಗೀತಾರೆ.

ಇನ್ನು ಅದೃಷ್ಟದ ಭಾಗ. 2023ರ ಜಗಳೂರು ರಿಸಲ್ಟ್ ರಾಜ್ಯದಲ್ಲೇ ತೀರಾ ಬಿಗಿಯಾದ ಲೆಕ್ಕಗಳಲ್ಲಿ ಒಂದು. ಕಾಂಗ್ರೆಸ್ಸಿನ ದೇವೇಂದ್ರಪ್ಪ, ಬಿಜೆಪಿಯ ಎಸ್.ವಿ. ರಾಮಚಂದ್ರ, ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರ ನಿಂತ ಮಾಜಿ ಶಾಸಕ ಎಚ್.ಪಿ. ರಾಜೇಶ್, ಮೂವರೂ 50 ಸಾವಿರದ ಆಸುಪಾಸು. ಗೆದ್ದ ಅಂತರ 874 ಓಟು. ಒಂದೆರಡು ಬೂತು ಆ ಕಡೆ ಈ ಕಡೆ ಆಗಿದ್ರೆ ಅಟೆಂಡರ್ ಕಥೆ ಯಾರಿಗೂ ಗೊತ್ತಾಗ್ತಾನೇ ಇರಲಿಲ್ಲ, ಇವತ್ತು ನಿಮ್ಮ ಸ್ಟಾಫ್ ರೂಮಲ್ಲಿ ಬೇರೆ ಚರ್ಚೆ ನಡೀತಿರ್ತಿತ್ತು.

ಇನ್ನೊಂದು, ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲು ಕ್ಷೇತ್ರ. ಮೀಸಲು ಇಲ್ಲದಿದ್ರೆ ಅಟೆಂಡರ್ ಒಬ್ಬರಿಗೆ ದೊಡ್ಡ ಪಕ್ಷ ಬಿ ಫಾರಂ ಕೊಡ್ತಿತ್ತಾ ಅಂತ ನಿಮ್ಮ ಸ್ಟಾಫ್ ರೂಮಲ್ಲಿ ಕೇಳಿ ನೋಡಿ, ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಕಸ ಗುಡಿಸಿದ ಫೋಟೋಗಿಂತ ನಾನು ನೋಡೋದು 57 ಕೆರೆ ತುಂಬಿಸೋ ಯೋಜನೇನ. ತುಂಗಭದ್ರೆಯಿಂದ ನಿಮ್ಮ ಬರದ ತಾಲ್ಲೂಕಿಗೆ ನೀರು ತರೋ ಆ ಕೆಲಸ ಹಲವು ಶಾಸಕರು, ಹಲವು ಸರ್ಕಾರಗಳು, ಸಿರಿಗೆರೆ ಶ್ರೀಗಳ ಪಟ್ಟು, ಎಲ್ಲಾ ದಾಟಿ ಬಂದಿದ್ದು. ನಿಮ್ಮೂರ ಕೆರೆಗೆ ಪೈಪಿನ ಕೊನೇವರೆಗೂ ನೀರು ಬಂತಾ ಇಲ್ವಾ ಅಂತ ಹೋಗಿ ನೋಡಿ, ಶಾಸಕರಿಗೆ ಮಾರ್ಕ್ಸ್ ಅಲ್ಲಿ ಹಾಕಿ. ಮೇಷ್ಟ್ರಲ್ವಾ ನೀವು.

ನಮ್ಮಜ್ಜ ಹೇಳ್ತಿದ್ರು, ನಿಜಲಿಂಗಪ್ಪನವರನ್ನೇ ನಾವು ಹೊಸದುರ್ಗದವರು ಸೋಲಿಸಿದ್ವಿ ಅಂತ. ನಿಜಾನಾ, ಇಲ್ಲಾ ಅಜ್ಜನ ಬಡಾಯೀನಾ?
*ಹೊಸದುರ್ಗದಿಂದ*

ನಿಜ. ಅಜ್ಜನಿಗೆ ಒಂದು ನಮಸ್ಕಾರ.

1962ರ ಚುನಾವಣೆ. ನಿಜಲಿಂಗಪ್ಪನವರು ಅಷ್ಟೊತ್ತಿಗೆ ಸಾಮಾನ್ಯ ಮನುಷ್ಯ ಅಲ್ಲ. ಚಿತ್ರದುರ್ಗದಲ್ಲಿ ವಕೀಲಿಕೆ ಮಾಡ್ಕೊಂಡಿದ್ದವರು, 1939ರ ತುರುವನೂರು ಸತ್ಯಾಗ್ರಹದಲ್ಲಿ ಜನ ಈಚಲು ಮರ ಕಡಿಯೋಕೆ ಹೊರಟಾಗ ಮುಂದೆ ನಿಂತು ಜೈಲಿಗೆ ಹೋದವರು, ಸಂವಿಧಾನ ರಚನಾ ಸಭೇಲಿ ಕೂತವರು, 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದವರು, 1956ರ ನವೆಂಬರ್ 1ಕ್ಕೆ ಏಕೀಕರಣ ಆದಾಗ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ. 1958ರಲ್ಲಿ ಇವರು ಕುರ್ಚಿ ಬಿಟ್ರು, ಜತ್ತಿಯವರು ಮುಖ್ಯಮಂತ್ರಿ ಆಗಿ ಬಂದ್ರು. 1962ರಲ್ಲಿ ಕಾಂಗ್ರೆಸ್ ಪಕ್ಷ ಗೆದ್ರೆ ಮತ್ತೆ ಇವರೇ ಮುಖ್ಯಮಂತ್ರಿ ಅಂತ ಎಲ್ರಿಗೂ ಗೊತ್ತಿತ್ತು. ಪಕ್ಷ ಗೆದ್ದಿತು, ಇವರು ಹೊಸದುರ್ಗದಲ್ಲಿ ಸೋತ್ರು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಂಗೆ.

ಆಮೇಲೆ ಆಗಿದ್ದು ಇನ್ನೂ ಸ್ವಾರಸ್ಯ. ಎಸ್.ಆರ್. ಕಂಠಿಯವರನ್ನ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಮಾಡಿದ್ರು. ಬಾಗಲಕೋಟೆಯಲ್ಲಿ ಗೆದ್ದಿದ್ದ ಬಿ.ಟಿ. ಮುರನಾಳ ರಾಜೀನಾಮೆ ಕೊಟ್ಟು ಜಾಗ ಬಿಟ್ರು, ನಿಜಲಿಂಗಪ್ಪ ಅಲ್ಲಿಂದ ಆಯ್ಕೆಯಾದ್ರು, ಜೂನ್‌ನಲ್ಲಿ ಕಂಠಿಯವರು ಕುರ್ಚಿ ಬಿಟ್ಟುಕೊಟ್ರು. ಮೂರು ತಿಂಗಳು ಚಿಲ್ಲರೆ ಮುಖ್ಯಮಂತ್ರಿ ಆಗಿದ್ದು ಸುಮ್ನೆ ಎದ್ದು ಹೋದ ಕಂಠಿ, ಗೆದ್ದ ಸೀಟನ್ನ ಬೇರೆ ಜಿಲ್ಲೆಯವರಿಗೆ ಬಿಟ್ಟುಕೊಟ್ಟ ಮುರನಾಳ, ಇವರಿಬ್ಬರನ್ನ ನೆನೆಸೋರು ಕಡಿಮೆ. ಈಗಿನ ಕಾಲದಲ್ಲಿ ನಿಗಮ ಮಂಡಳಿ ಅಧ್ಯಕ್ಷಗಿರೀನೂ ಯಾರೂ ಹಂಗೆ ಬಿಟ್ಟುಕೊಡಲ್ಲ, ನಾನಂತೂ ಕಂಡಿಲ್ಲ.

ಹೊಸದುರ್ಗದವರ ಬಗ್ಗೆ ಮಾತ್ರ ಒಂದು ಮಾತು. ದೊಡ್ಡ ನಾಯಕ ಅಂದ್ರೆ ರಾಜ್ಯ ಸುತ್ತುತಾನೆ, ಸ್ವಂತ ಕ್ಷೇತ್ರದಲ್ಲಿ ಮುಖ ಕಾಣಲ್ಲ. ಇದು ಆಗಿಂದಲೂ ಇದ್ದ ತಾಪತ್ರಯ. ಸೀಬಾರದ ಹತ್ರ ಹೈವೇ ಪಕ್ಕ ಅವರ ಸ್ಮಾರಕ ಇದೆ, ಹೋದಾಗ ನಿಮ್ಮಜ್ಜನ ಮಾತು ನೆನಪು ಮಾಡ್ಕೊಳಿ.

ಪಕ್ಷ ಗಿಕ್ಷ ಬ್ಯಾಡ, ಸ್ವತಂತ್ರವಾಗಿ ನಿಂತು ಗೆದ್ರೆ ಯಾರ ಹಂಗೂ ಇರಲ್ಲ ಅಲ್ವಾ?
*ಹಿರಿಯೂರಿನಿಂದ ಒಬ್ಬ ಯುವಕರು*

ನಿಮ್ಮ ಹಿರಿಯೂರಲ್ಲೇ ಕುಂತು ಈ ಪ್ರಶ್ನೆ ಕೇಳ್ತೀರಲ್ರೀ! 2008ರಲ್ಲಿ ಹಿರಿಯೂರಿಂದ ಡಿ. ಸುಧಾಕರ್, ಹೊಸದುರ್ಗದಿಂದ ಗೂಳಿಹಟ್ಟಿ ಶೇಖರ್, ಇಬ್ರೂ ಪಕ್ಷೇತರರಾಗಿ ಗೆದ್ರು. ಬಿಜೆಪಿಗೆ 110 ಬಂದಿತ್ತು, ಬೇಕಾಗಿದ್ದು 113. ಪಕ್ಷೇತರರ ರೇಟು ಏರಿತು, ಇಬ್ರೂ ಮಂತ್ರಿಗಳಾದ್ರು. 2010ರ ಅಕ್ಟೋಬರ್‌ನಲ್ಲಿ ಪಕ್ಷೇತರರು ಬೆಂಬಲ ವಾಪಸ್ ತಗೊಂಡಾಗ ಸ್ಪೀಕರ್ ಬೋಪಯ್ಯ ಅವರನ್ನ ಅನರ್ಹ ಮಾಡಿದ್ರು, ಮಂತ್ರಿ ಆದ ಮೇಲೆ ನೀವು ಬಿಜೆಪಿಯವರೇ ಅನ್ನೋ ವಾದ. ಸುಪ್ರೀಂ ಕೋರ್ಟಿಗೆ ಹೋದ್ರು. 2011ರ ಮೇನಲ್ಲಿ ಕೋರ್ಟು ಅನರ್ಹತೆ ರದ್ದು ಮಾಡ್ತು. ಕೇಸಿನ ಹೆಸರೇ 'ಡಿ. ಸುಧಾಕರ್ ಮತ್ತು ಇತರರು, ಡಿ.ಎನ್. ಜೀವರಾಜು ಮತ್ತು ಇತರರು', ಇವತ್ತಿಗೂ ಲಾ ಓದೋ ಹುಡುಗರು ಪಕ್ಷಾಂತರ ಕಾಯ್ದೆ ಪಾಠದಲ್ಲಿ ನಿಮ್ಮೂರ ಎಮ್ಮೆಲ್ಲೆ ಹೆಸರು ಓದ್ತಾರೆ.

ಕಾನೂನು ಏನು ಹೇಳುತ್ತೆ ಅಂದ್ರೆ, ಪಕ್ಷೇತರರಾಗಿ ಗೆದ್ದವರು ಆಮೇಲೆ ಒಂದು ಪಕ್ಷ ಸೇರಿದ್ರೆ ಸ್ಥಾನ ಹೋಗುತ್ತೆ. ಹೊರಗಿಂದ ಬೆಂಬಲ ಕೊಡಬಹುದು, ಮಂತ್ರಿನೂ ಆಗಬಹುದು, ಆದ್ರೆ ಗೆರೆ ತೀರಾ ತೆಳು. ಹಂಗು ಇರಲ್ಲ ಅಂತ ನೀವು ಅಂದ್ಕೊಂಡ್ರಿ, ಆದ್ರೆ ಅವರಿಬ್ರೂ ಕೊನೆಗೆ ಪಕ್ಷದ ಕಡೆಗೇ ಹೋದ್ರು, ಸುಧಾಕರ್ ಕಾಂಗ್ರೆಸ್ಸಿಂದ, ಗೂಳಿಹಟ್ಟಿ 2018ರಲ್ಲಿ ಬಿಜೆಪಿಯಿಂದ ಗೆದ್ರು. ಒಂದು ಸಲ ಒಂಟಿಯಾಗಿ ಈಜಬಹುದು ಅಷ್ಟೆ.

ನಾನು ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ, ಮಹಿಳಾ ಮೀಸಲಿನಲ್ಲಿ ಗೆದ್ದಿದ್ದು. ಈಗ ಮೀಸಲು ಬದಲಾಗುತ್ತೆ ಅಂತಾರೆ. ಮನೆಯವರು ಇನ್ನು ಸಾಕು ಅಂತಾರೆ. ನಂಗೆ ಜಿಲ್ಲಾ ಪಂಚಾಯ್ತಿಗೆ ನಿಲ್ಲೋ ಆಸೆ, ಮುಂದೆ ಎಮ್ಮೆಲ್ಲೆ ಅಂತ ಹೇಳಿದ್ರೆ ನಗ್ತಾರೆ.
*ಮಾಯಕೊಂಡ ಕಡೆಯಿಂದ ಒಬ್ಬ ಓದುಗರು*

ನಗೋರು ನಗಲಿ ಅಮ್ಮ. ನಿಮ್ಮ ಮಾಯಕೊಂಡದಲ್ಲೇ ಆ ದಾರೀಲಿ ನಡೆದು ಹೋದವರಿದಾರೆ. ಈಗಿನ ಶಾಸಕ ಕೆ.ಎಸ್. ಬಸವಂತಪ್ಪ ಜಿಲ್ಲಾ ಪಂಚಾಯ್ತಿ ಸದಸ್ಯರಾಗಿದ್ದವರು, 2018ರಲ್ಲಿ ಎಮ್ಮೆಲ್ಲೆಗೆ ನಿಂತು ಸೋತು, 2023ರಲ್ಲಿ ಗೆದ್ರು. ಹಿರಿಯೂರಿನ ಕೆ. ಪೂರ್ಣಿಮಾ ಬೆಂಗಳೂರಲ್ಲಿ ಕಾರ್ಪೊರೇಟರ್ ಆಗಿದ್ದವರು, 2018ರಲ್ಲಿ ಹಿರಿಯೂರಿಗೆ ಬಂದು ಗೆದ್ರು, ತಂದೆ ಎ. ಕೃಷ್ಣಪ್ಪ ಮಂತ್ರಿ ಆಗಿದ್ದವರು ಅನ್ನೋದೂ ಸೇರ್ಕೊಂಡಿತ್ತು ಅನ್ನಿ. ದಾವಣಗೆರೆಯಲ್ಲಿ ಹಿಂದೆ ನಾಗಮ್ಮ ಕೇಶವಮೂರ್ತಿ ಇದ್ರು, ವನಿತಾ ಸಮಾಜ ಕಟ್ಟಿ, ಶಾಸಕಿ ಆಗಿ, ಮಂತ್ರಿನೂ ಆದವರು.

ಆದ್ರೆ ನಿಮಗೆ ಸಿಹಿ ಮಾತಾಡಿ ಕಳಿಸೋದು ಬ್ಯಾಡ. ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಅರ್ಧ ಸೀಟು ಮೀಸಲು. ವಿಧಾನಸಭೇಲಿ 2023ರಲ್ಲಿ ಗೆದ್ದ ಮಹಿಳೆಯರು 224ರಲ್ಲಿ 10. ದಾವಣಗೆರೆ ಜಿಲ್ಲೆಯ 7, ಚಿತ್ರದುರ್ಗದ 6, ಒಟ್ಟು 13 ಕ್ಷೇತ್ರದಲ್ಲಿ ಆ ಸಲ ಒಬ್ಬ ಹೆಣ್ಣುಮಗಳೂ ಗೆಲ್ಲಲಿಲ್ಲ. ಪಕ್ಕದ ಹರಪನಹಳ್ಳಿ, ಒಂದು ಕಾಲಕ್ಕೆ ದಾವಣಗೆರೆ ಜಿಲ್ಲೇಲೇ ಇತ್ತಲ್ಲ, ಅಲ್ಲಿ ಲತಾ ಮಲ್ಲಿಕಾರ್ಜುನ್ ಗೆದ್ರು, ಅದೂ ಪಕ್ಷೇತರರಾಗಿ, ಎಂ.ಪಿ. ಪ್ರಕಾಶರ ಮಗಳು. ಅರ್ಧದಷ್ಟು ಮೆಂಬರ್‌ಗಳು ಹೆಂಗಸರು, ಮೇಲೆ ಹೋಗೋ ಹೊತ್ತಿಗೆ ಬೆರಳೆಣಿಕೆ. ಮಧ್ಯ ಎಲ್ಲಿ ಸೋರಿ ಹೋಗ್ತಾರೆ ಅಂದ್ರೆ ನೀವು ಬರೆದ ಎರಡೇ ಸಾಲಲ್ಲಿ ಉತ್ತರ ಇದೆ: ಮೀಸಲು ಬದಲಾಯ್ತು, ಮನೆಯವರು ಸಾಕು ಅಂದ್ರು. ಸಂಸತ್ತಲ್ಲಿ 2023ರಲ್ಲಿ ಮೂರನೇ ಒಂದು ಭಾಗದ ಮೀಸಲಾತಿ ತಿದ್ದುಪಡಿ ಪಾಸಾಗಿದೆ ನಿಜ, ಅದನ್ನ ಜನಗಣತಿಗೆ, ಆಮೇಲಿನ ಕ್ಷೇತ್ರ ವಿಂಗಡಣೆಗೆ ಗಂಟು ಹಾಕಿಟ್ರು.

ಇನ್ನು ನಿಮ್ಮ ಜಿಲ್ಲಾ ಪಂಚಾಯ್ತಿ ಆಸೆ. ನಂಗೆ ಸಿಟ್ಟು ಬರೋದೇ ಇಲ್ಲಿ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯ್ತು, 2021ರಲ್ಲಿ ಅವಧಿ ಮುಗೀತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಟ್ಟಲೆ ತಳ್ಳಿದ್ದೇ ತಳ್ಳಿದ್ದು. ಬಿಜೆಪಿ ಸರ್ಕಾರದಲ್ಲಿ ತಳ್ಳಿದ್ರು, ಕಾಂಗ್ರೆಸ್ ಬಂತು, ಅವರೂ ತಳ್ಳಿದ್ರು, ಈ ವಿಷಯದಲ್ಲಿ ಮಾತ್ರ ಎರಡೂ ಪಕ್ಷದವರು ಅಣ್ಣ ತಮ್ಮಂದಿರು. ಯಾಕೆ ಅಂತ ನಾನು ಹೇಳ್ತೀನಿ. ಜಿಲ್ಲಾ ಪಂಚಾಯ್ತಿ ಸದಸ್ಯ ಅಂದ್ರೆ ಎಮ್ಮೆಲ್ಲೆಗೆ ಮುಂದಿನ ಸಲದ ಪ್ರತಿಸ್ಪರ್ಧಿ. ಪಕ್ಷದ ಚಿಹ್ನೆ ಮೇಲೆ ಗೆದ್ದಿರ್ತಾನೆ, ಹತ್ತಾರು ಹಳ್ಳಿ ಸುತ್ತಿರ್ತಾನೆ, ಸಭೇಲಿ ಇಂಜಿನಿಯರ್‌ನ ನಿಲ್ಲಿಸಿ ಲೆಕ್ಕ ಕೇಳಿರ್ತಾನೆ. 1987ರಲ್ಲಿ, ನಜೀರ್ ಸಾಬ್ ಮಂತ್ರಿ ಆಗಿದ್ದಾಗ, ಮೊದಲ ಜಿಲ್ಲಾ ಪರಿಷತ್ ಚುನಾವಣೆ ಆದಾಗ ಎಷ್ಟೋ ಹಳ್ಳಿ ಹುಡುಗರು ಅಲ್ಲಿಂದಲೇ ರಾಜಕೀಯ ಕಲಿತ್ರು, ಅಧ್ಯಕ್ಷರಿಗೆ ಆಗ ರಾಜ್ಯ ಮಂತ್ರಿ ದರ್ಜೆ. ಈಗ ಆ ಮೆಟ್ಟಿಲನ್ನೇ ಕಿತ್ತಿಟ್ಟಿದ್ದಾರೆ. ಗ್ರಾಮ ಪಂಚಾಯ್ತಿಯಿಂದ ವಿಧಾನಸಭೆಗೆ ನೆಗೀಬೇಕು, ನೆಗೆಯೋಕೆ ಆಗೋದು ದುಡ್ಡಿದ್ದವರಿಗೆ, ಇಲ್ಲಾ ಅಪ್ಪ ಎಮ್ಮೆಲ್ಲೆ ಆಗಿದ್ದವರಿಗೆ.

ನೀವು ಸದ್ಯಕ್ಕೆ ಒಂದು ಕೆಲಸ ಮಾಡಿ. ಮುಂದಿನ ಸಲ ನಿಮ್ಮ ಸೀಟು ಸಾಮಾನ್ಯ ಆದ್ರೂ ಅಲ್ಲೇ ನಿಲ್ಲಿ. ಸಾಮಾನ್ಯ ಅಂದ್ರೆ ಗಂಡಸರಿಗೆ ಮೀಸಲು ಅಂತ ಅಲ್ಲ, ಹಳ್ಳೀಲಿ ಹಂಗೇ ಅಂದ್ಕೊಂಡಿದಾರೆ. ಅಲ್ಲಿ ಗಂಡಸರ ಎದುರಿಗೆ ಗೆದ್ದು ಬಂದ್ರೆ ಆಮೇಲೆ ಟಿಕೆಟ್ ಕೇಳೋಕೆ ಹೋದಾಗ ಆ ಒಂದು ಮಾತು ನಿಮ್ಮ ಪರವಾಗಿ ಕೂತಿರುತ್ತೆ.

ಜೆ.ಎಚ್. ಪಟೇಲರು ಜಿಲ್ಲೆ ಮಾಡಿಕೊಟ್ರು, ಜನ ಅವರನ್ನೇ ಸೋಲಿಸಿದ್ರು. ಇದು ನ್ಯಾಯಾನಾ?
*ಚನ್ನಗಿರಿಯಿಂದ*

ಪಟೇಲರು ಮುಖ್ಯಮಂತ್ರಿ ಆಗಿದ್ದಾಗ, 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯ್ತು, ಅದರ ಜೊತೆ ರಾಜ್ಯದಲ್ಲಿ ಇನ್ನೂ 6 ಹೊಸ ಜಿಲ್ಲೆ. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಈ ಕಡೆ ಬಂದ್ವು. 1999ರಲ್ಲಿ ಪಟೇಲರು ಚನ್ನಗಿರಿಯಲ್ಲೇ ಸೋತ್ರು. ನ್ಯಾಯ ಅನ್ಯಾಯದ ಮಾತಲ್ಲ ಸ್ವಾಮಿ, ಜಿಲ್ಲೆ ಅನ್ನೋದು ಡಿಸಿ ಆಫೀಸು ಹತ್ರ ಆಗೋದು, ಅದು ಒಂದು ಸಲ ಖುಷಿ, ಅಡಿಕೆ ರೇಟು, ಕರೆಂಟು, ನಾಲೆ ನೀರು ದಿನಾ ಇರೋ ವಿಷಯ. ಆ ಸಲ ಜನತಾದಳ ಒಡೆದು ಎರಡು ಹೋಳಾಗಿತ್ತು ಬೇರೆ.

ಪಟೇಲರ ದಾರೀನೇ ಬೇರೆ. ಲೋಹಿಯಾ ಸಮಾಜವಾದಿ, 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು, ತುರ್ತು ಪರಿಸ್ಥಿತಿಯಲ್ಲಿ ಜೈಲು, ಆಮೇಲೆ 1978ರಿಂದ ವಿಧಾನಸಭೆ. ಅಂದ್ರೆ ಮೇಲಿಂದ ಕೆಳಗೆ ಬಂದವರು. ಅದಕ್ಕೇ ಏನೋ ಅವರಿಗೆ ಎಮ್ಮೆಲ್ಲೆ ಕುರ್ಚಿ ಮೇಲೆ ಅಷ್ಟು ಮೋಹ ಇದ್ದಂಗೆ ಕಾಣಲಿಲ್ಲ.

ನಮ್ಮೂರ ರಸ್ತೆ ಕಿತ್ತು ಹೋಗಿ ಎರಡು ಮಳೆಗಾಲ ಆಯ್ತು. ಪಂಚಾಯ್ತಿಯವರು ದುಡ್ಡಿಲ್ಲ ಅಂತಾರೆ, ಎಮ್ಮೆಲ್ಲೆ ಪಿಎ 'ಲೆಟರ್ ಕೊಟ್ಟಿದೀವಿ' ಅಂತಾರೆ. ಲೆಟರ್ ಕೊಟ್ರೆ ಏನಾಗುತ್ತೆ?
*ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ*

ಯಾವುದೇ ಎಮ್ಮೆಲ್ಲೆ ಮನೆ ಮುಂದೆ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ. ಗೇಟಿನ ಹತ್ರ ಚಪ್ಪಲಿ ರಾಶಿ, ಹಾಲಲ್ಲಿ ಪ್ಲಾಸ್ಟಿಕ್ ಚೇರು, ಒಬ್ಬನ ಕೈಲಿ ಆಸ್ಪತ್ರೆ ಫೈಲು, ಒಬ್ಬನ ಕೈಲಿ ಮಗಳ ಟ್ರಾನ್ಸ್‌ಫರ್ ಅರ್ಜಿ, ಒಂದು ಗುಂಪು ದೇವಸ್ಥಾನದ ಕಳಸಕ್ಕೆ ದೇಣಿಗೆ ಕೇಳೋಕೆ ಹೂವಿನ ಹಾರ ಹಿಡ್ಕೊಂಡು ನಿಂತಿರುತ್ತೆ. ಪಿಎ ಒಂದು ಲೆಟರ್‌ಹೆಡ್ ಬುಕ್ಕು ಇಟ್ಕೊಂಡು ಕೂತಿರ್ತಾನೆ, 'ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ' ಅನ್ನೋ ಸಾಲು ಅವನಿಗೆ ಕಣ್ಣು ಮುಚ್ಚಿದ್ರೂ ಬರುತ್ತೆ. ಸಾಹೇಬ್ರು ಫೋನಲ್ಲಿ ಮಾತಾಡ್ತಾನೇ ಸೈನ್ ಹಾಕ್ತಾರೆ. ಆ ಲೆಟರ್ ಅಂಥಾ ನೂರು ಲೆಟರ್ ಜೊತೆ ಆಫೀಸಿನ ಟಪಾಲಿಗೆ ಹೋಗುತ್ತೆ. ಅದು ಆದೇಶ ಅಲ್ಲ, ಶಿಫಾರಸ್ಸು.

ನೀವು ಕೇಳಬೇಕಾಗಿರೋದು ಲೆಟರ್ ಅಲ್ಲ, ಹೆಡ್ಡು, ಅಂದ್ರೆ ದುಡ್ಡು ಯಾವ ನಿಧಿಯಿಂದ ಬರುತ್ತೆ ಅನ್ನೋದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಕಾಮಗಾರಿ ಪಟ್ಟಿ ಶಾಸಕರು ಕೊಡ್ತಾರೆ, ಮಂಜೂರು ಮಾಡೋದು ಡಿಸಿ. ಆ ಪಟ್ಟೀಲಿ ನಿಮ್ಮ ರಸ್ತೆ ಇದೆಯಾ, ಅಂದಾಜು ಪಟ್ಟಿ ಆಗಿದೆಯಾ, ಯಾವ ಏಜೆನ್ಸಿಗೆ ಕೊಟ್ಟಿದಾರೆ, ಈ ಮೂರು ಕೇಳಿ. ಉತ್ತರ ಬರದಿದ್ರೆ 10 ರೂಪಾಯಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಆದ್ರೆ ನಿಜವಾದ ತೊಂದರೆ ಬೇರೆ ಕಡೆ ಇದೆ. ಹಳ್ಳಿ ರಸ್ತೆ ಎಮ್ಮೆಲ್ಲೆ ಕೆಲಸ ಆಗಿದ್ದೇ ತಪ್ಪು. ಅದನ್ನ ನೋಡ್ಕೋಬೇಕಾಗಿದ್ದ ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಮೆಂಬರ್ರೇ ಇಲ್ಲ, ಮೇಲಿನ ಮಾಯಕೊಂಡದ ಅಮ್ಮನಿಗೆ ಹೇಳಿದ್ನಲ್ಲ. ಹಂಗಾಗಿ ಅಷ್ಟೂ ಜನ ಎಮ್ಮೆಲ್ಲೆ ಗೇಟಿಗೆ. ಎಮ್ಮೆಲ್ಲೆಗೂ ಅದೇ ಬೇಕಾಗಿದೆ, ಎಲ್ರೂ ತನ್ನ ಹತ್ರಾನೇ ಬರ್ಬೇಕು. ಮೆಂಬರ್ ಆಗಿದ್ದವನು ಎಮ್ಮೆಲ್ಲೆ ಆದ ಮೇಲೂ ಮೆಂಬರ್ ಕೆಲಸಾನೇ ಮಾಡ್ತಾ ಕೂತಿರ್ತಾನೆ, ಬೋರ್ಡು ಮಾತ್ರ ಬದಲಾಗಿರುತ್ತೆ. ಬಜೆಟ್ ಮೇಲೆ ಮಾತಾಡೋದು, ಒಂದು ಮಸೂದೆ ಓದಿ ತಿದ್ದುಪಡಿ ಕೊಡೋದು, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಕೇಂದ್ರ 2023ರ ಬಜೆಟ್ಟಲ್ಲಿ ಹೇಳಿದ 5,300 ಕೋಟಿ ಎಲ್ಲಿಗೆ ಬಂತು ಅಂತ ಸದನದಲ್ಲಿ ಮಂತ್ರಿನ ಹಿಡಿದು ಕೇಳೋದು, ಇದಕ್ಕೆ ಟೈಮ್ ಎಲ್ಲಿದೆ? ಆ ಕೆಲಸ ಮಾಡಿದ್ರೆ ಓಟು ಬರಲ್ಲ ಅಂತ ಅವರಿಗೂ ಗೊತ್ತು. ಕೇಳದೇ ಇರೋರು ನಾವು.

ಹಾಗಾದ್ರೆ ನಮ್ಮ ಎಮ್ಮೆಲ್ಲೆ ಸದನದಲ್ಲಿ ಏನು ಮಾಡ್ತಿದಾರೆ ಅಂತ ತಿಳಿಯೋದು ಹೆಂಗೆ? ಟಿವಿಯಲ್ಲಿ ಗಲಾಟೆ ಮಾತ್ರ ತೋರಿಸ್ತಾರೆ.
*ಚಿತ್ರದುರ್ಗದಿಂದ*

ಗಲಾಟೆ ಆದ ದಿನ ಟಿವಿ ನೋಡಬ್ಯಾಡ್ರಿ, ಪ್ರಶ್ನೋತ್ತರ ನೋಡಿ. ಚುಕ್ಕೆ ಗುರುತಿನ ಪ್ರಶ್ನೆ ಅಂತ ಇರುತ್ತೆ, ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡ್ಬೇಕು, ಕೇಳಿದವರು ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಎರಡೂ ವಿಧಾನಸಭೆಯ ವೆಬ್‌ಸೈಟಲ್ಲಿ ಕನ್ನಡದಲ್ಲೇ ಸಿಗುತ್ತೆ, ಶಾಸಕರ ಹೆಸರು ಸಮೇತ. ನಿಮ್ಮ ಕ್ಷೇತ್ರದ ಹೆಸರು ಹುಡುಕಿ, ಐದು ವರ್ಷದಲ್ಲಿ ಏನು ಕೇಳಿದಾರೆ, ಎಷ್ಟು ಸಲ ಕೇಳಿದಾರೆ ಅಂತ ಒಂದು ಹಾಳೇಲಿ ಬರ್ಕೊಳಿ. ಅದ್ರ ಜೊತೆ ನಾಮಪತ್ರದ ಹೊತ್ತಲ್ಲಿ ಕೊಟ್ಟ ಅಫಿಡವಿಟ್ಟು, ನಮೂನೆ 26 ಅಂತಾರೆ, ಚುನಾವಣಾ ಆಯೋಗದ ಸೈಟಲ್ಲಿದೆ, ಆಸ್ತಿ, ಸಾಲ, ಕೇಸು ಎಲ್ಲಾ ಅದ್ರಲ್ಲಿರುತ್ತೆ, ಹಿಂದಿನ ಚುನಾವಣೇದನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡೂ ಹಾಳೆ ಜೆರಾಕ್ಸ್ ಮಾಡ್ಸಿ, ಮುಂದಿನ ಸಲ ಸಾಹೇಬ್ರು ನಿಮ್ಮ ಬೀದಿಗೆ ಓಟು ಕೇಳೋಕೆ ಬಂದಾಗ ಕೈಗೆ ಕೊಟ್ಟು, ಒಂದೊಂದೇ ಸಾಲು ಓದಿ ಕೇಳಿ. ಉತ್ತರ ಏನು ಬಂತು ಅಂತ ನಮಗೂ ಬರೀರಿ, ಹೆಸರಿಲ್ಲದೇ ಹಾಕ್ತೀವಿ.